ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಗೇರ್‌ಬಾಕ್ಸು: ಹಂಗಾಮಿಗೆ ಮೊದಲೇ ಮಾಡಬೇಕಾದ ಜೋಪಾನ

(ನುರಿಸುವ ಹಂಗಾಮಿನ ಪೂರ್ವಭಾವಿಯಾಗಿ ಕಾರಖಾನೆಯ ಆವಾರದಲ್ಲಿ ಜರುಗಿದ ಸಭಾಸದ ಬೆಳೆಗಾರರ ಹಾಗೂ ವಾಹನ ಮಾಲೀಕರ ಮೇಳಾವದಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಪ್ರತಿ ವರ್ಷ ಈ ವೇದಿಕೆಯಿಂದ ನಾನು ಬೀಜದ ಆಯ್ಕೆ, ಕುಳೆ ಕಬ್ಬಿನ ವ್ಯವಸ್ಥೆ, ಗೊಬ್ಬರದ ಪ್ರಮಾಣ, ಗೊಣ್ಣೆ ಹುಳುವಿನ ಹತೋಟಿ ಇವುಗಳ ಬಗ್ಗೆ ಮಾತನಾಡುತ್ತ ಬಂದಿದ್ದೇನೆ. ಈ ಸಲ ಅವೆಲ್ಲವನ್ನು ಬದಿಗಿಟ್ಟು, ನಿಮ್ಮ ಟ್ರ್ಯಾಕ್ಟರಿನ ಗೇರ್‌ಬಾಕ್ಸಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. "ಕೃಷಿ ಪದವಿ ಓದಿದ ಸಾಹೇಬರಿಗೆ ಗೇರ್‌ಬಾಕ್ಸಿನ ಉಸಾಬರಿ ಯಾಕೆ?" ಎಂದು ಕೆಲವರು ಮನಸ್ಸಿನಲ್ಲಿ ಅಂದುಕೊಳ್ಳಬಹುದು. ಅದಕ್ಕೆ ಮೊದಲು ಉತ್ತರ ಹೇಳುತ್ತೇನೆ.

ಹನ್ನೆರಡರಿಂದ ಹದಿನೆಂಟು ತಿಂಗಳು ನೀರು ಹಾಯಿಸಿ ನೀವು ಬೆಳೆಸಿದ ಕಬ್ಬು, ಫಡದಿಂದ ಕಾರಖಾನೆಯ ಕಾಟಾಕ್ಕೆ ಬರುವುದು ಒಂದು ದಿನದ ಪ್ರಯಾಣ. ಆ ಒಂದು ದಿನ ಕೆಟ್ಟರೆ ವರ್ಷದ ದುಡಿಮೆಗೆ ಪೆಟ್ಟು ಬೀಳುತ್ತದೆ. ಕಡಿದ ಗಳಿಗೆಯಿಂದಲೇ ಕಬ್ಬಿನ ನೀರು ಆರತೊಡಗುತ್ತದೆ, ತೂಕ ಇಳಿಯುತ್ತದೆ. ಕಬ್ಬಿನ ಒಳಗಿರುವ ಇನ್ವರ್ಟೇಸ್ ಎಂಬ ಕಿಣ್ವವು ಸಕ್ಕರೆಯನ್ನು ಗ್ಲುಕೋಸ್ ಮತ್ತು ಫ್ರುಕ್ಟೋಸ್ ಆಗಿ ಒಡೆಯುತ್ತದೆ. ಒಡೆದ ಸಕ್ಕರೆ ಹರಳುಗಟ್ಟುವುದಿಲ್ಲ, ಮಳ್ಳಿಯ ಪಾಲಾಗುತ್ತದೆ. ಕಡಿದ ತುದಿಗಳಿಂದ ಒಳಹೊಕ್ಕ ಜೀವಾಣುಗಳು ಡೆಕ್ಸ್‌ಟ್ರಾನ್ ಎಂಬ ಅಂಟನ್ನು ಉಂಟುಮಾಡುತ್ತವೆ. ಸುಟ್ಟ ಕಬ್ಬಿನಲ್ಲಿ ಈ ಹಾನಿ ಇನ್ನೂ ಬೇಗ. ಆದ್ದರಿಂದಲೇ ಕಡಿದ ಕಬ್ಬನ್ನು 24 ತಾಸಿನೊಳಗೆ ನುರಿಸಬೇಕೆಂದು ನಾವು ಹೇಳುವುದು. ನಿಮಗೆ ಹಣ ಸಿಗುವುದು ತೂಕದ ಮೇಲೆ. ದರ ನಿಂತಿರುವುದು ರಿಕವರಿಯ ಮೇಲೆ. 2025-26 ರ ಹಂಗಾಮಿಗೆ ಕೇಂದ್ರ ಸರಕಾರ ಗೊತ್ತುಮಾಡಿದ ಎಫ್.ಆರ್.ಪಿ. ದರವು 10.25 ಪ್ರತಿಶತ ರಿಕವರಿಯನ್ನು ಆಧಾರವಾಗಿ ಇಟ್ಟುಕೊಂಡಿತ್ತು. ತೂಕವೂ ರಿಕವರಿಯೂ ಒಟ್ಟಿಗೆ ಇಳಿದರೆ ನಷ್ಟ ಎರಡು ಕಡೆಯಿಂದ ಬರುತ್ತದೆ.

ಈಗ ಯೋಚಿಸಿ. ಫಡದಲ್ಲಿ ಟೋಳಿ ಕಬ್ಬು ಕಡಿದು ಹಾಕಿದೆ. ಟ್ರೇಲರ್ ತುಂಬಿದೆ. ಎರೆಹೊಲದಿಂದ ಮೇಲೆ ಏರುವಾಗ ಕಟ್ ಎಂದು ಶಬ್ದವಾಗಿ ಟ್ರ್ಯಾಕ್ಟರ್ ನಿಂತಿತು. ಮಿಸ್ತ್ರಿ ಬಂದು ನೋಡಿ "ಕ್ರೌನ್-ಪಿನಿಯನ್ ಹೋಗೈತಿ" ಎನ್ನುತ್ತಾನೆ. ಟ್ರ್ಯಾಕ್ಟರನ್ನು ನಡುವೆ ಎರಡು ಹೋಳು ಮಾಡಿ ಬಿಚ್ಚಬೇಕು, ಬಿಡಿಭಾಗ ಸೋಲಾಪುರದಿಂದಲೋ ವಿಜಯಪುರದಿಂದಲೋ ತರಬೇಕು. ಅಲ್ಲಿಯವರೆಗೆ ಕಬ್ಬು ಬಿಸಿಲಿನಲ್ಲಿ, ಟೋಳಿ ಕೆಲಸವಿಲ್ಲದೆ ಜೋಪಡಿಯಲ್ಲಿ, ಟ್ರ್ಯಾಕ್ಟರಿನ ಸಾಲದ ಕಂತು ತಲೆಯ ಮೇಲೆ. ಇದೇ ಕಾರಣಕ್ಕೆ ಕಬ್ಬಿನ ಅಧಿಕಾರಿಗೆ ಗೇರ್‌ಬಾಕ್ಸಿನ ಉಸಾಬರಿ.

ನಾನು ಹೇಳಬೇಕಾದ ಮಾತು ಒಂದೇ. ಗೇರ್‌ಬಾಕ್ಸು ಒಂದೇ ದಿನದಲ್ಲಿ ಮುರಿಯುವುದಿಲ್ಲ. ಮುರಿದದ್ದು ಕಾಣುವುದು ಜನವರಿಯಲ್ಲಾದರೂ ಸವೆದದ್ದು ಅದಕ್ಕೂ ಮೊದಲು, ತಿಂಗಳುಗಟ್ಟಲೆ. ಆ ಕಾಲದಲ್ಲೆಲ್ಲ ಅದು ಎಣ್ಣೆಯ ಬಣ್ಣದಿಂದ, ಶಬ್ದದಿಂದ, ಪೆಡಲಿನಿಂದ ನಮಗೆ ಸೂಚನೆ ಕೊಡುತ್ತಲೇ ಇರುತ್ತದೆ. ಅದನ್ನು ಮಾಲೀಕನೇ ಕಣ್ಣಿಟ್ಟು ನೋಡಬೇಕು.

ಎಂಜಿನ್ನಿನ ಶಕ್ತಿ ಗಾಲಿಗೆ ಹೋಗುವ ಬಗೆ

ಎಂಜಿನ್ನಿನ ಶಕ್ತಿ ಮೊದಲು ಕ್ಲಚ್ಚಿಗೆ ಬರುತ್ತದೆ. ಅಲ್ಲಿಂದ ಗೇರ್‌ಬಾಕ್ಸಿಗೆ. ಗೇರ್‌ಬಾಕ್ಸಿನ ಹಿಂದೆ ಡಿಫರೆನ್ಷಿಯಲ್ ಇದೆ. ಅಲ್ಲಿ ಒಂದು ಚಿಕ್ಕ ಪಿನಿಯನ್ ದೊಡ್ಡ ಕ್ರೌನ್ ಚಕ್ರವನ್ನು ತಿರುಗಿಸಿ, ಉದ್ದಕ್ಕೆ ಬಂದ ಶಕ್ತಿಯನ್ನು ಅಡ್ಡಕ್ಕೆ, ಎಡಬಲದ ಗಾಲಿಗಳ ಕಡೆಗೆ ಹೊರಳಿಸುತ್ತದೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು, ಒಳಗಿನ ಗಾಲಿ ಕಡಿಮೆ ಸುತ್ತುವಂತೆ ಮಾಡುವುದೂ ಡಿಫರೆನ್ಷಿಯಲ್ಲೇ. ಕೊನೆಗೆ ಎರಡೂ ಬದಿಯ ಫೈನಲ್ ಡ್ರೈವ್ ವೇಗವನ್ನು ಇನ್ನಷ್ಟು ಇಳಿಸಿ ಗಾಲಿಗೆ ಕೊಡುತ್ತದೆ.

ವೇಗ ಇಳಿದಷ್ಟೂ ತಿರುಚುವ ಬಲ ಏರುತ್ತದೆ. ಇದನ್ನೊಂದು ಲೆಕ್ಕದಿಂದ ತಿಳಿಯೋಣ. 13.6-28 ಸೈಜಿನ ಹಿಂದಿನ ಟೈರು ಒಂದು ಸುತ್ತಿಗೆ ಸುಮಾರು 4 ಮೀಟರು ಸಾಗುತ್ತದೆ. ಟ್ರ್ಯಾಕ್ಟರು ತಾಸಿಗೆ 4.8 ಕಿಲೋಮೀಟರು ನಡೆಯುತ್ತಿದ್ದರೆ ಒಂದು ನಿಮಿಷಕ್ಕೆ 80 ಮೀಟರು, ಅಂದರೆ ಗಾಲಿ ನಿಮಿಷಕ್ಕೆ 20 ಸುತ್ತು. ಆಗ ಎಂಜಿನ್ನು 2000 ಸುತ್ತು ತಿರುಗುತ್ತಿದ್ದರೆ, ಎಂಜಿನ್ನಿನ 100 ಸುತ್ತಿಗೆ ಗಾಲಿಯ ಒಂದು ಸುತ್ತು. ಸವಕಳಿ ಬಿಟ್ಟರೆ ಎಂಜಿನ್ನಿನ ತಿರುಚು ಬಲ ಗಾಲಿಯ ಹತ್ತಿರ ಸುಮಾರು ನೂರು ಪಟ್ಟು ಆಗುತ್ತದೆ. ಅದೇ ಟ್ರ್ಯಾಕ್ಟರು ರಸ್ತೆಯ ಮೇಲೆ ತಾಸಿಗೆ 24 ಕಿಲೋಮೀಟರು ಓಡುವಾಗ ಇಪ್ಪತ್ತು ಪಟ್ಟು ಮಾತ್ರ.

ಈ ನೂರು ಪಟ್ಟಿನ ಬಲವನ್ನು ಹೊರುವುದು ಒಂದಕ್ಕೊಂದು ಒತ್ತುವ ಕೆಲವೇ ಹಲ್ಲುಗಳು. ಹಲ್ಲು ಹಲ್ಲಿನ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರು. ಆ ಪದರು ಇದ್ದರೆ ಉಕ್ಕು ಉಕ್ಕನ್ನು ಮುಟ್ಟುವುದಿಲ್ಲ. ಪದರು ಹರಿದರೆ ಹಲ್ಲು ಹಲ್ಲನ್ನೇ ತಿನ್ನುತ್ತದೆ. ನಮ್ಮ ಹಿರಿಯರು ಚಕ್ಕಡಿಯ ಗಾಲಿಗೆ ಕೀಲೆಣ್ಣೆ ಹಾಕದೆ ದೂರದ ಊರಿಗೆ ಹೊರಡುತ್ತಿರಲಿಲ್ಲ. ಎತ್ತು ಹೋಗಿ ಟ್ರ್ಯಾಕ್ಟರು ಬಂದರೂ ಆ ನಿಯಮ ಹೋಗಿಲ್ಲ.

ಎಣ್ಣೆ: ಯಾವುದು, ಎಷ್ಟು, ಯಾವಾಗ

ಮೊದಲನೆಯದು, ಯಾವ ಎಣ್ಣೆ ಎಂಬ ಪ್ರಶ್ನೆ. 1970 ಮತ್ತು 80 ರ ದಶಕದ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಒಣ ಬ್ರೇಕು ಇತ್ತು. ಗೇರ್‌ಬಾಕ್ಸಿಗೆ ಎಸ್.ಎ.ಇ. 90 ಗೇರ್ ಎಣ್ಣೆ ಹಾಕಿದರೆ ಕೆಲಸ ನಡೆಯುತ್ತಿತ್ತು. ಇಂದಿನ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಬ್ರೇಕಿನ ಪ್ಲೇಟುಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಪೇಟೆಯಲ್ಲಿ ಆಯಿಲ್ ಬ್ರೇಕ್ ಅನ್ನುವುದು ಇದಕ್ಕೇ. ಹಲವು ಮಾದರಿಗಳಲ್ಲಿ ಗೇರು, ಡಿಫರೆನ್ಷಿಯಲ್, ಬ್ರೇಕು, ಹೈಡ್ರಾಲಿಕ್ ಎಲ್ಲಕ್ಕೂ ಒಂದೇ ಎಣ್ಣೆ. ಅದಕ್ಕಾಗಿ ಯು.ಟಿ.ಟಿ.ಒ. ಎಂಬ ಬೇರೆ ಜಾತಿಯ ಎಣ್ಣೆ ಇದೆ. ಅಂಥ ಟ್ರ್ಯಾಕ್ಟರಿಗೆ ಅಗ್ಗವೆಂದು ಬರಿಯ 90 ನಂಬರಿನ ಎಣ್ಣೆ ಹಾಕಿದರೆ ಬ್ರೇಕು ಒತ್ತಿದಾಗ ನಡುಗುತ್ತದೆ, ಕರಕರ ಎನ್ನುತ್ತದೆ, ಹೈಡ್ರಾಲಿಕ್ ಮಂದವಾಗುತ್ತದೆ. ಹಾಗೆಯೇ, ಪುಸ್ತಕದಲ್ಲಿ ಜಿ.ಎಲ್.-4 ಎಂದಿದ್ದರೆ "ಜಿ.ಎಲ್.-5 ಇನ್ನೂ ಭಾರಿ ಮಾಲು" ಎಂಬ ಅಂಗಡಿಯ ಮಾತು ಕೇಳಿ ಅದನ್ನು ಹಾಕಬೇಡಿ. ಅದರಲ್ಲಿರುವ ಹೆಚ್ಚಿನ ಗಂಧಕದ ಅಂಶ ಕೆಲವು ಗೇರ್‌ಬಾಕ್ಸುಗಳ ಹಿತ್ತಾಳೆಯ ರಿಂಗುಗಳನ್ನು ತಿನ್ನುತ್ತದೆ. ಟ್ರ್ಯಾಕ್ಟರಿನ ಜೊತೆ ಬಂದ ಪುಸ್ತಕವೇ ಇದಕ್ಕೆ ಪ್ರಮಾಣ. ಪುಸ್ತಕ ಕಳೆದಿದ್ದರೆ ಷೋರೂಮಿನಲ್ಲಿ ಕೇಳಿ, ಎಣ್ಣೆಯ ಹೆಸರನ್ನು ಮಡ್‌ಗಾರ್ಡಿನ ಒಳಬದಿಗೆ ಬಣ್ಣದಲ್ಲಿ ಬರೆಸಿಬಿಡಿ.

ಎರಡನೆಯದು, ಎಷ್ಟು ಎಂಬುದು. ವಾರಕ್ಕೊಮ್ಮೆ, ನಿಮ್ಮೂರ ಸಂತೆಯ ದಿನ ಎಂದು ಇಟ್ಟುಕೊಳ್ಳಿ, ಬೆಳಿಗ್ಗೆ ಎಂಜಿನ್ನು ಹಚ್ಚುವ ಮುನ್ನ ಸಮನಾದ ನೆಲದ ಮೇಲೆ ಟ್ರ್ಯಾಕ್ಟರು ನಿಲ್ಲಿಸಿ ಡಿಪ್‌ಸ್ಟಿಕ್ ತೆಗೆದು ನೋಡಿ. ಮೊದಲು ಸುತ್ತಲಿನ ಧೂಳನ್ನು ಅರಿವೆಯಿಂದ ಒರೆಸಿರಿ. ಗೇರ್‌ಬಾಕ್ಸಿಗೆ ಬಿದ್ದ ಒಂದು ಚಿಟಿಕೆ ಮರಳು ಹಲ್ಲಿಗೆ ಸಾಣೆ ಹಿಡಿದಂತೆ. ಎಣ್ಣೆ ಎರಡು ಗೆರೆಗಳ ನಡುವೆ ಇರಬೇಕು. ಕಡಿಮೆ ಇದ್ದರೆ ಮೇಲಿನ ಹಲ್ಲುಗಳಿಗೆ ಎಣ್ಣೆ ಮುಟ್ಟುವುದಿಲ್ಲ. ಹೆಚ್ಚಾದರೂ ಹಾನಿಯೇ. ಎಣ್ಣೆ ನೊರೆಯೆದ್ದು ಬಿಸಿಯಾಗಿ ಸೀಲುಗಳಿಂದ ಹೊರಗೆ ನುಗ್ಗುತ್ತದೆ.

ಮೂರನೆಯದು, ಯಾವಾಗ ಬದಲಿಸಬೇಕು ಎಂಬುದು. ಹಲವು ಕಂಪನಿಗಳ ಪುಸ್ತಕದಲ್ಲಿ 1000 ತಾಸು ಎಂದಿರುತ್ತದೆ. ಹೊಸ ಟ್ರ್ಯಾಕ್ಟರಿನ ಮೊದಲ ಬದಲಿ ಇನ್ನೂ ಬೇಗ, ಏಕೆಂದರೆ ಹೊಸ ಹಲ್ಲುಗಳು ಪಳಗುವಾಗ ಉದುರುವ ಲೋಹದ ಪುಡಿ ಎಣ್ಣೆಯಲ್ಲೇ ಉಳಿದಿರುತ್ತದೆ. "ಸಾವಿರ ತಾಸು ಆಗಲು ಎರಡು ವರ್ಷ ಬೇಕು" ಎಂದು ಬಹಳ ಮಂದಿ ತಿಳಿದಿದ್ದಾರೆ. ಬರಿಯ ಹೊಲದ ಕೆಲಸವಾದರೆ ಅದು ಸರಿ ಇರಬಹುದು. ಆದರೆ ಕಬ್ಬು ಸಾಗಿಸುವ ಟ್ರ್ಯಾಕ್ಟರು ದಿನಕ್ಕೆ 8 ತಾಸು ನಡೆದರೆ 120 ದಿನದಲ್ಲಿ 960 ತಾಸು ಆಯಿತು. ಅಂದರೆ ಒಂದು ಹಂಗಾಮಿಗೆ ಒಂದು ಎಣ್ಣೆಯ ಆಯುಷ್ಯ ಮುಗಿಯಿತು. ಆದ್ದರಿಂದ ತಾಸಿನ ಮೀಟರು ನೋಡಿ ನಡೆಯಿರಿ. ಹಂಗಾಮಿನ ನಡುವೆ ಅವಧಿ ಮುಗಿಯುವಂತಿದ್ದರೆ ಹಂಗಾಮಿಗೆ ಮೊದಲೇ ಬದಲಿಸುವುದು ಜಾಣತನ.

ಬದಲಿಸುವಾಗ ಟ್ರ್ಯಾಕ್ಟರನ್ನು ಸ್ವಲ್ಪ ಹೊತ್ತು ಓಡಿಸಿ, ಎಣ್ಣೆ ಬಿಸಿ ಇರುವಾಗಲೇ ಬಿಡಬೇಕು. ಆಗ ತಳದ ಕೆಸರು ಎಣ್ಣೆಯೊಡನೆ ಇಳಿದುಬರುತ್ತದೆ. ಬಹಳ ಟ್ರ್ಯಾಕ್ಟರುಗಳ ಡ್ರೇನ್ ಪ್ಲಗ್ಗಿಗೆ ಲೋಹಚುಂಬಕ ಇರುತ್ತದೆ. ಅದನ್ನು ನೋಡದೆ ಒರೆಸಬೇಡಿ. ಬೂದಿಯಂಥ ನುಣ್ಣನೆಯ ಪುಡಿ ಅಂಟಿದ್ದರೆ ಅದು ಸಹಜ ಸವಕಳಿ. ಸೂಜಿಯಂಥ ಚೂರು, ಹೊಟ್ಟಿನಂಥ ಹೊಳೆಯುವ ಪದರು, ಹಲ್ಲಿನ ತುಣುಕು ಸಿಕ್ಕರೆ ಆ ಟ್ರ್ಯಾಕ್ಟರನ್ನು ಹಂಗಾಮಿಗೆ ಇಳಿಸುವ ಮುನ್ನವೇ ಬಿಚ್ಚಿಸಬೇಕು. ಜಾಳಿಗೆ, ಫಿಲ್ಟರು ಇದ್ದಲ್ಲಿ ಅವನ್ನೂ ತೊಳೆಯಬೇಕು ಅಥವಾ ಬದಲಿಸಬೇಕು. ಬಿಟ್ಟ ಎಣ್ಣೆಯನ್ನು ಹಳ್ಳಕ್ಕೋ ಬಾವಿಯ ಬದಿಗೋ ಚೆಲ್ಲದೆ ಡಬ್ಬಿಯಲ್ಲಿ ತುಂಬಿ ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿ.

ನೀರು, ಗೇರ್‌ಬಾಕ್ಸಿನ ವೈರಿ

ನಮ್ಮದು ಭೀಮಾ, ಸೀನಾ, ಬೋರಿ ನದಿಗಳ ಸೀಮೆ. ಹಳ್ಳ ದಾಟದೆ ಹೊಲ ಮುಟ್ಟುವ ಊರುಗಳು ಎಷ್ಟೋ ಇವೆ. ಅಚ್ಚಿನ ಮೇಲೆ ನೀರು ಬರುವಷ್ಟು ಆಳದ ಹಳ್ಳ ದಾಟಿದರೆ ಬ್ರೀದರಿನಿಂದಲೋ ಹಳೆಯ ಸೀಲಿನಿಂದಲೋ ನೀರು ಒಳಸೇರುತ್ತದೆ. ಬಿಸಿ ಗೇರ್‌ಬಾಕ್ಸು ತಣ್ಣೀರಿನಲ್ಲಿ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸರ್ವಿಸಿಂಗ್ ಅಂಗಡಿಯಲ್ಲಿ ಬ್ರೀದರಿಗೆ ನೇರವಾಗಿ ಪ್ರೆಶರ್ ನೀರು ಹೊಡೆದರೂ ಇದೇ ಪರಿಣಾಮ.

ನೀರು ಸೇರಿದ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಅಂಥ ಎಣ್ಣೆಯ ಪದರು ಹಲ್ಲಿನ ಒತ್ತಡಕ್ಕೆ ನಿಲ್ಲುವುದಿಲ್ಲ, ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಸಂಶಯವಿದ್ದರೆ ಟ್ರ್ಯಾಕ್ಟರನ್ನು ರಾತ್ರಿಯೆಲ್ಲ ನಿಲ್ಲಿಸಿ, ಬೆಳಿಗ್ಗೆ ಅಲುಗಾಡಿಸದೆ ಡ್ರೇನ್ ಪ್ಲಗ್ಗನ್ನು ಸ್ವಲ್ಪವೇ ಸಡಿಲಿಸಿ ನೋಡಿ. ನೀರು ಎಣ್ಣೆಗಿಂತ ಭಾರ. ತಳದಲ್ಲಿ ನೀರಿದ್ದರೆ ಮೊದಲು ಅದೇ ತೊಟ್ಟಿಕ್ಕುತ್ತದೆ. ಎಣ್ಣೆ ಹಾಲಿನಂತಾಗಿದ್ದರೆ ಮುಲಾಜಿಲ್ಲದೆ ಪೂರ್ತಿ ಬದಲಿಸಿ. ದೊಡ್ಡ ಟ್ರ್ಯಾಕ್ಟರಿನಲ್ಲಿ 40 ಲೀಟರಿಗೂ ಹೆಚ್ಚು ಎಣ್ಣೆ ಹಿಡಿಯುತ್ತದೆ, ಖರ್ಚು ಸಣ್ಣದಲ್ಲ ನಿಜ. ಆದರೆ ಕ್ರೌನ್-ಪಿನಿಯನ್ ಮತ್ತು ಬೇರಿಂಗುಗಳ ಖರ್ಚಿನ ಮುಂದೆ ಅದು ದೊಡ್ಡದಲ್ಲ.

ಕ್ಲಚ್ಚು: ಡ್ರೈವರನ ಎಡಗಾಲು

ಕಾಟಾದ ಮುಂದೆ ಸಾಲಿನಲ್ಲಿ ನಿಂತ ಡ್ರೈವರುಗಳನ್ನು ನಾನು ಪ್ರತಿ ಹಂಗಾಮಿನಲ್ಲೂ ನೋಡುತ್ತೇನೆ. ಗೇರಿನಲ್ಲೇ ಇಟ್ಟು, ಎಡಗಾಲಿನಿಂದ ಕ್ಲಚ್ಚು ಒತ್ತಿ ಹಿಡಿದು, ಕೈಯಲ್ಲಿ ಮೊಬೈಲು ಹಿಡಿದು ಕುಳಿತಿರುತ್ತಾರೆ. ಹಾಗೆ ಒತ್ತಿ ಹಿಡಿದಷ್ಟು ಹೊತ್ತೂ ರಿಲೀಸ್ ಬೇರಿಂಗು ಭಾರ ಹೊತ್ತು ತಿರುಗುತ್ತಿರುತ್ತದೆ. ಅದು ಗೇರು ಬದಲಿಸುವ ಎರಡು ಕ್ಷಣಕ್ಕೆಂದು ಮಾಡಿದ ಬೇರಿಂಗು. ಇನ್ನು ಕೆಲವರು ಓಡಿಸುವಾಗಲೂ ಪೆಡಲಿನ ಮೇಲೆ ಕಾಲು ಊರಿರುತ್ತಾರೆ. ಆಗ ಕ್ಲಚ್ ಪ್ಲೇಟು ಅರ್ಧ ಹಿಡಿದು ಅರ್ಧ ಜಾರಿ ಸುಡುತ್ತದೆ.

ಪೆಡಲು ಒತ್ತಿದಾಗ ಮೊದಲು ಸ್ವಲ್ಪ ದೂರ ಹಗುರವಾಗಿ ಹೋಗಬೇಕು. ಇದಕ್ಕೆ ಫ್ರೀ ಪ್ಲೇ ಎನ್ನುತ್ತಾರೆ. ಬಹಳ ಟ್ರ್ಯಾಕ್ಟರುಗಳಲ್ಲಿ ಇದು ಸುಮಾರು ಒಂದು ಇಂಚು, ಖಚಿತ ಅಳತೆ ಪುಸ್ತಕದಲ್ಲಿರುತ್ತದೆ. ಪ್ಲೇಟು ಸವೆದಂತೆ ಈ ಬಿಡುವು ಕಡಿಮೆಯಾಗುತ್ತದೆ. ಬಿಡುವೇ ಇಲ್ಲದಿದ್ದರೆ ಕ್ಲಚ್ಚು ಜಾರುತ್ತದೆ, ಎಂಜಿನ್ನು ಕೂಗಿದರೂ ಟ್ರ್ಯಾಕ್ಟರು ಎಳೆಯುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಬಿಡುವು ಅತಿಯಾದರೆ ಕ್ಲಚ್ಚು ಪೂರ್ತಿ ಬಿಡುವುದಿಲ್ಲ, ಗೇರು ಹಾಕುವಾಗ ಹಲ್ಲು ಕಡಿಯುತ್ತದೆ. ಒಂದು ಪಾನಾ ಮತ್ತು ಹತ್ತು ನಿಮಿಷದಲ್ಲಿ ಇದನ್ನು ಸರಿಪಡಿಸಬಹುದು.

ಕ್ಲಚ್ಚಿನ ಹೌಸಿಂಗಿನ ತಳದಲ್ಲಿ ಬಹಳ ಟ್ರ್ಯಾಕ್ಟರುಗಳಿಗೆ ಒಂದು ಚಿಕ್ಕ ತೂತು, ಅದರಲ್ಲಿ ಅಲುಗಾಡುವ ಪಿನ್ನು ಇರುತ್ತದೆ. ಎರೆಮಣ್ಣು ಮೆತ್ತಿ ಅದು ಮುಚ್ಚಿಹೋಗುತ್ತದೆ. ಅದನ್ನು ಬಿಡಿಸಿಡಿ. ಅಲ್ಲಿಂದ ಎಣ್ಣೆ ತೊಟ್ಟಿಕ್ಕಿದರೆ ಎಂಜಿನ್ನಿನ ಹಿಂದಿನ ಸೀಲೋ ಗೇರ್‌ಬಾಕ್ಸಿನ ಮುಂದಿನ ಸೀಲೋ ಹೋಗಿದೆ ಎಂದು ತಿಳಿಯಿರಿ. ತೂತು ಮುಚ್ಚಿದ್ದರೆ ಆ ಎಣ್ಣೆ ಒಳಗೇ ನಿಂತು ಕ್ಲಚ್ ಪ್ಲೇಟನ್ನು ತೋಯಿಸುತ್ತದೆ.

ಹೊಲದಿಂದ ಮೇಲೆ ಏರುವಾಗ

ಹೆಚ್ಚಿನ ಹಲ್ಲುಗಳು ಮುರಿಯುವುದು ಡಾಂಬರು ರಸ್ತೆಯಲ್ಲಲ್ಲ, ಫಡದಲ್ಲಿ. ಇದಕ್ಕೂ ಲೆಕ್ಕವಿದೆ. ಕಬ್ಬು ಸೇರಿ 10 ಟನ್ ತೂಗುವ ಒಂದು ಟ್ರೇಲರನ್ನು ಸಮನಾದ ಡಾಂಬರು ರಸ್ತೆಯಲ್ಲಿ ಎಳೆಯಲು ಅದರ ತೂಕದ ಸುಮಾರು 2 ಪ್ರತಿಶತ, ಅಂದರೆ 200 ಕಿಲೋದಷ್ಟು ಬಲ ಸಾಕು. ಅದೇ ಟ್ರೇಲರಿನ ಗಾಲಿ ಹಸಿ ಎರೆಯಲ್ಲಿ ಹೂತಾಗ 15 ಪ್ರತಿಶತ ಬೇಕೆಂದು ಹಿಡಿದರೂ 1500 ಕಿಲೋ ಆಯಿತು. ಏಳೂವರೆ ಪಟ್ಟು! ಇಂಥಲ್ಲಿ ಎರಡೂ ಟ್ರೇಲರುಗಳನ್ನು ಒಟ್ಟಿಗೆ ಕೊಂಡಿ ಹಾಕಿ ಎಳೆಯುವುದು, ಎಂಜಿನ್ನು ಜೋರು ಮಾಡಿ ಒಮ್ಮೆಲೆ ಕ್ಲಚ್ಚು ಬಿಟ್ಟು ಝಟಕಾ ಕೊಡುವುದು, ಹಿಂದೆ ಮುಂದೆ ತೂಗಿಸುವುದು, ಇವೇ ಕ್ರೌನ್-ಪಿನಿಯನ್ನಿನ ಮೃತ್ಯು. ನಿಧಾನ ಎಳೆತಕ್ಕೆ ತಾಳುವ ಹಲ್ಲು ಸುತ್ತಿಗೆಯ ಏಟಿನಂಥ ಝಟಕಾಕ್ಕೆ ತಾಳುವುದಿಲ್ಲ. ಮೊದಲ ದಿನ ಸಣ್ಣ ಬಿರುಕು, ಮುಂದೊಂದು ದಿನ ಮುರಿತ.

ಹೀಗೆ ಮಾಡಿ. ಕಬ್ಬಿಗೆ ಕೊನೆಯ ನೀರನ್ನು ಕಟಾವಿಗೆ ಸಾಕಷ್ಟು ದಿನ ಮೊದಲೇ ನಿಲ್ಲಿಸಿ. ಅದು ರಿಕವರಿಗೂ ಒಳ್ಳೆಯದು, ಗಾಲಿ ಹೂಳದಿರಲಿಕ್ಕೂ ಒಳ್ಳೆಯದು. ಟ್ರೇಲರುಗಳನ್ನು ಒಂದೊಂದಾಗಿ ರಸ್ತೆಗೆ ತಂದು ಅಲ್ಲಿ ಜೋಡಿಸಿ. ಹೊರಡುವ ಮುನ್ನವೇ ಕೆಳಗಿನ ಗೇರು ಹಾಕಿ, ಕ್ಲಚ್ಚನ್ನು ಮೆಲ್ಲಗೆ ಬಿಡಿ. ಹೈ-ಲೋ ಲಿವರನ್ನು ಟ್ರ್ಯಾಕ್ಟರು ಪೂರ್ತಿ ನಿಂತ ಮೇಲೆಯೇ ಬದಲಿಸಿ. ಒಂದು ಗಾಲಿ ತಿರುಗುತ್ತ ನಿಂತರೆ, ಅದನ್ನು ನಿಲ್ಲಿಸಿ ಆಮೇಲೆ ಡಿಫರೆನ್ಷಿಯಲ್ ಲಾಕ್ ಒತ್ತಿ, ನೇರಕ್ಕೆ ಮಾತ್ರ ಎಳೆಯಿರಿ. ಲಾಕ್ ಒತ್ತಿಕೊಂಡು ತಿರುವಿದರೆ ಒಳಗಿನ ಷಾಫ್ಟೇ ಮುರಿಯಬಹುದು. ಸರಪಳಿಯನ್ನು ಎಂದೂ ಮೇಲಿನ ಲಿಂಕಿಗೆ ಕಟ್ಟಬೇಡಿ. ಕೆಳಗಿನ ಹಿಚ್ಚಿಗೇ ಕಟ್ಟಿ. ಎತ್ತರಕ್ಕೆ ಕಟ್ಟಿದರೆ ಟ್ರ್ಯಾಕ್ಟರಿನ ಮೂತಿ ಎದ್ದು ಡ್ರೈವರನ ಮೇಲೆಯೇ ಹಿಂದಕ್ಕೆ ಮಗುಚುತ್ತದೆ.

ಇಳಿಜಾರಿನಲ್ಲಿ ನ್ಯೂಟ್ರಲ್: ಡೀಸೆಲ್ಲಿನ ಉಳಿತಾಯವಲ್ಲ, ಜೀವದ ಜೂಜು

ಬಂಧುಗಳೇ, ಇದೊಂದು ಮಾತನ್ನು ದಯವಿಟ್ಟು ಗಮನವಿಟ್ಟು ಕೇಳಿ. ಹಳ್ಳದ ಸೇತುವೆಯ ಕಡೆ ಇಳಿಯುವ ರಸ್ತೆಯಲ್ಲಿ ಡೀಸೆಲ್ ಉಳಿಯುತ್ತದೆಂದು ಗೇರು ತೆಗೆದು ನ್ಯೂಟ್ರಲ್ ಮಾಡುವ ಅಭ್ಯಾಸ ನಮ್ಮ ಡ್ರೈವರುಗಳಲ್ಲಿದೆ. ಟ್ರ್ಯಾಕ್ಟರಿನ ಬ್ರೇಕು ಇರುವುದು ಹಿಂದಿನ ಎರಡು ಗಾಲಿಗೆ. ನಮ್ಮ ಹೆಚ್ಚಿನ ಟ್ರೇಲರುಗಳಿಗೆ ಬ್ರೇಕೇ ಇಲ್ಲ. ಗೇರಿನಲ್ಲಿದ್ದರೆ ಎಂಜಿನ್ನು ತಾನೇ ಗಾಲಿಯನ್ನು ಹಿಡಿದು ನಿಧಾನಿಸುತ್ತದೆ. ಗೇರು ತೆಗೆದ ಕ್ಷಣ ಆ ಹಿಡಿತ ಹೋಯಿತು. ಹಿಂದಿನ ಇಪ್ಪತ್ತು ಟನ್ ಭಾರ ಟ್ರ್ಯಾಕ್ಟರನ್ನು ದೂಡಲಾರಂಭಿಸುತ್ತದೆ. ವೇಗ ಏರಿದ ಮೇಲೆ ಮತ್ತೆ ಗೇರು ಹಾಕಲು ಹೋದರೆ ಹಲ್ಲು ಕೂಡುವುದಿಲ್ಲ, ಕಡಿಯುತ್ತದೆ. ಬ್ರೇಕು ಒಂದೇ ಸವನೆ ಒತ್ತಿದರೆ ಕಾಯ್ದು ಹಿಡಿತ ಬಿಡುತ್ತದೆ. ಆಮೇಲೆ ಡ್ರೈವರನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಎದುರಿಗೆ ಬರುವ ಶಾಲೆಯ ಮಕ್ಕಳಿಗೂ ಮೋಟಾರ್ ಸೈಕಲಿನವರಿಗೂ ಇದು ತಿಳಿದಿರುವುದಿಲ್ಲ.

ನಿಯಮ ಸುಲಭ. ಯಾವ ಗೇರಿನಲ್ಲಿ ಆ ದಿಬ್ಬ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಇಳಿಜಾರು ಶುರುವಾಗುವ ಮುನ್ನವೇ ಗೇರು ಹಾಕಿ, ನಡುವೆ ಕ್ಲಚ್ಚು ಒತ್ತಬೇಡಿ. ರಸ್ತೆಗೆ ಬಂದೊಡನೆ ಎರಡೂ ಬ್ರೇಕು ಪೆಡಲುಗಳನ್ನು ಕೊಂಡಿಯಿಂದ ಜೋಡಿಸಿ.

ಶಬ್ದದ ಭಾಷೆ

ಶಬ್ದ ಎಲ್ಲಿಂದ, ಯಾವಾಗ ಬರುತ್ತದೆ ಎಂದು ಗಮನಿಸಿದರೆ ಅರ್ಧ ರೋಗ ತಿಳಿದಂತೆ. ಕ್ಲಚ್ಚು ಒತ್ತಿದಾಗ ಮಾತ್ರ ಕೀರಲು ಶಬ್ದ ಬಂದರೆ ರಿಲೀಸ್ ಬೇರಿಂಗು. ನ್ಯೂಟ್ರಲ್‌ನಲ್ಲಿ ಬರುವ ಗುರುಗುಟ್ಟು ಕ್ಲಚ್ಚು ಒತ್ತಿದೊಡನೆ ನಿಂತರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗು. ಒಂದೇ ಗೇರಿನಲ್ಲಿ ಶಬ್ದ ಬಂದರೆ ಆ ಗೇರಿನ ಹಲ್ಲು. ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಡಿಫರೆನ್ಷಿಯಲ್ಲಿನ ಒಳಗಿನ ಚಿಕ್ಕ ಗೇರುಗಳು. ಎಲ್ಲ ಗೇರಿನಲ್ಲೂ ಹಿಂದಿನಿಂದ ಊಳಿಟ್ಟಂತೆ ಬಂದು, ಎಳೆಯುವಾಗ ಒಂದು ಬಗೆ, ಎಕ್ಸಲೇಟರ್ ಬಿಟ್ಟಾಗ ಇನ್ನೊಂದು ಬಗೆ ಆದರೆ ಕ್ರೌನ್-ಪಿನಿಯನ್ ಸಂಶಯ. ಮಿಸ್ತ್ರಿಯ ಹತ್ತಿರ "ಸೌಂಡ್ ಬರತೈತಿ" ಎಂದಷ್ಟೇ ಹೇಳದೆ ಹೀಗೆ ಬಿಡಿಸಿ ಹೇಳಿದರೆ ಅನಾವಶ್ಯಕ ಬಿಚ್ಚುವ ಕೂಲಿ ಉಳಿಯುತ್ತದೆ. ಹಳೆಯ ಎಚ್.ಎಂ.ಟಿ. ಟ್ರ್ಯಾಕ್ಟರು ಇರುವವರು ಇನ್ನೂ ಹೆಚ್ಚು ಎಚ್ಚರದಿಂದಿರಿ. 2016 ರಲ್ಲಿ ಆ ಕಂಪನಿಯ ಟ್ರ್ಯಾಕ್ಟರು ವಿಭಾಗ ಮುಚ್ಚುವ ನಿರ್ಣಯವಾಯಿತು. ಬೇಕಾದ ಬಿಡಿಭಾಗ ಸಿಗುತ್ತದೆಯೇ ಎಂದು ಹಂಗಾಮಿಗೆ ಮೊದಲೇ ವಿಚಾರಿಸಿಡಿ.

ಸಭಾಸದರ ಪ್ರಶ್ನೆಗಳು

ಭಾಷಣದ ನಂತರ ಸಭಾಸದರು ಕೇಳಿದ ಕೆಲವು ಪ್ರಶ್ನೆಗಳನ್ನೂ ಉತ್ತರಗಳನ್ನೂ ಇಲ್ಲಿ ಕೊಟ್ಟಿದೆ.

ಒಬ್ಬ ಹಿರಿಯ ಸಭಾಸದರು: "ಸಾಹೇಬ್ರ, ನಮ್ಮ ಟ್ರ್ಯಾಕ್ಟರ್ ತಗೊಂಡು ಹತ್ತ ವರ್ಷ ಆತ್ರಿ. ಎಣ್ಣಿ ಕಡಿಮಿ ಆದಾಗ ಮ್ಯಾಲೆ ಹಾಕೀನಿ, ಪೂರಾ ಬದಲಿ ಮಾಡೇ ಇಲ್ರಿ. ನಡದೈತಲ್ಲರಿ?"

ಉತ್ತರ: "ಕಾಕಾ, ನಡದದ್ದು ಖರೆ. ಆದರೆ ಹತ್ತು ವರ್ಷದ ಲೋಹದ ಪುಡಿ ತಳದಲ್ಲೇ ಕೂತಿದೆ. ಹೊಸ ಎಣ್ಣೆ ಮೇಲೆ ಸುರಿದರೆ ಆ ಪುಡಿ ಹೋಗುವುದಿಲ್ಲ. ಇನ್ನೊಂದು, ಎಣ್ಣೆ ಕಡಿಮೆ ಆಗುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ. ಹಿಂದಿನ ಗಾಲಿಯ ಒಳಬದಿ ಕೈಯಾಡಿಸಿ ನೋಡಿರಿ. ನಿಮ್ಮದು ಒಣ ಬ್ರೇಕಿನ ಗಾಡಿಯಾದರೆ ಅಚ್ಚಿನ ಸೀಲಿನಿಂದ ಸೋರಿದ ಎಣ್ಣೆ ಬ್ರೇಕಿನ ಲೈನಿಂಗಿಗೆ ಬಿದ್ದು ಬ್ರೇಕು ಹಿಡಿಯದಂತಾಗುತ್ತದೆ. ಈ ಸಲ ಪೂರಾ ಬದಲಿಸಿ, ಸೀಲನ್ನೂ ಹಾಕಿಸಿರಿ."

ಒಬ್ಬ ಡ್ರೈವರ್: "ಸಾಲಿನ್ಯಾಗ ನಾಕ್ ನಾಕ್ ತಾಸು ನಿಲ್ತೀವ್ರಿ. ಐದ ನಿಮಿಷಕ್ಕೊಮ್ಮೆ ಮುಂದ ಸರಸ್ಬೇಕ. ಕ್ಲಚ್ ಬಿಟ್ರ ಹ್ಯಾಂಗ್ರಿ?"

ಉತ್ತರ: "ತಮ್ಮಾ, ನಿಂತಾಗಲೆಲ್ಲ ಗೇರು ತೆಗೆದು ನ್ಯೂಟ್ರಲ್ ಮಾಡು, ಕೈಬ್ರೇಕ್ ಹಾಕು, ಕಾಲು ತೆಗಿ. ಸಮನೆಲದಲ್ಲಿ ನಿಂತಾಗ ನ್ಯೂಟ್ರಲ್, ಇಳಿಜಾರಿನಲ್ಲಿ ಗೇರು, ಇಷ್ಟೇ ನೆನಪಿಡು. ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಾದರೆ ಎಂಜಿನ್ನನ್ನೂ ಬಂದ್ ಮಾಡು. ಡೀಸೆಲ್ ಉಳಿಸುವುದಾದರೆ ಅಲ್ಲಿ ಉಳಿಸು."

ಒಬ್ಬ ಸಭಾಸದರು: "ಸೌಂಡ್ ಬರೋ ಗೇರ್‌ಬಾಕ್ಸಿಗೆ ಕಟಗಿ ಹೊಟ್ಟು ಹಾಕಿದ್ರ ಸುಮ್ಮಗಾಗ್ತದಂತರಿ, ಹೌದೇನ್ರಿ?"

ಉತ್ತರ: "ಸುಮ್ಮಗಾಗುತ್ತದೆ, ಸ್ವಲ್ಪ ದಿನ. ಅದು ಹಳೆ ಗಾಡಿ ಮಾರುವವರ ಹಂಚಿಕೆ, ರಿಪೇರಿಯಲ್ಲ. ಹೊಟ್ಟು ಎಣ್ಣೆಯ ದಾರಿ ಮುಚ್ಚಿ, ಹೈಡ್ರಾಲಿಕ್ ಜಾಳಿಗೆಯನ್ನೂ ಕಟ್ಟುತ್ತದೆ. ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರು ಕೊಳ್ಳುವವರು ಒಂದು ಲೋಟ ಎಣ್ಣೆ ತಳದಿಂದ ಬಿಡಿಸಿ ನೋಡದೆ ಮಾತು ಮುಗಿಸಬೇಡಿ."

ಒಬ್ಬ ಮಹಿಳಾ ಸಭಾಸದರು: "ನಮ್ಮ ಗಾಡಿ ನಡುವ ಗೇರ್ ಬಿಡತೈತ್ರಿ. ಡ್ರೈವರ ಗೇರಿನ ದಂಡಿಗೆ ಹಗ್ಗ ಕಟ್ಟಿ ಹೊಡೀತಾನ."

ಉತ್ತರ: "ಅಕ್ಕಾ, ಅದನ್ನು ಇವತ್ತೇ ನಿಲ್ಲಿಸಿರಿ. ಗೇರು ಹಿಡಿದಿಡುವ ಸ್ಪ್ರಿಂಗು ಮತ್ತು ಗುಂಡು ಸವೆದಿರಬೇಕು, ಇಲ್ಲವೆ ಒಳಗಿನ ಫೋರ್ಕು ಅಥವಾ ಹಲ್ಲಿನ ತುದಿ ಸವೆದಿರಬೇಕು. ಸ್ಪ್ರಿಂಗೇ ಆಗಿದ್ದರೆ ಖರ್ಚು ಬಹಳಿಲ್ಲ. ಆದರೆ ತುಂಬಿದ ಟ್ರೇಲರಿನೊಡನೆ ಇಳಿಜಾರಿನಲ್ಲಿ ಗೇರು ಬಿಟ್ಟರೆ ಹಗ್ಗ ಹಿಡಿಯುವುದಿಲ್ಲ. ಗಾಡಿ ರಿಪೇರಿ ಆದ ಮೇಲೆಯೇ ರಸ್ತೆಗೆ ಹಾಕಿರಿ. ನಿಮ್ಮ ಕಬ್ಬಿನ ಕಟಾವು ಎರಡು ದಿನ ತಡವಾದರೂ ನಡೆದೀತು. ನಿಂತ ಕಬ್ಬು ಎರಡು ದಿನದಲ್ಲಿ ಕೆಡುವುದಿಲ್ಲ, ಕೆಡುವುದು ಕಡಿದ ಕಬ್ಬು. ಗಟ್ ಕಚೇರಿಗೆ ತಿಳಿಸಿದರೆ ಟೋಳಿಯನ್ನು ಅಷ್ಟರಲ್ಲಿ ಬೇರೆ ಫಡಕ್ಕೆ ಕಳಿಸಬಹುದು."

ಕೊನೆಯ ಮಾತು

ಗೇರ್‌ಬಾಕ್ಸು ಹಾಳಾದಾಗ ಮಾಲೀಕರು ಡ್ರೈವರನನ್ನು ಬೈಯುತ್ತಾರೆ. ಆದರೆ ಖೇಪಿನ ಲೆಕ್ಕದಲ್ಲಿ ಪಗಾರ ಪಡೆಯುವ ಹುಡುಗ ಅವಸರ ಮಾಡುವುದು ಸಹಜ. ಎಣ್ಣೆಗೆ ಹಣ ಕೊಡುವವರು ಮಾಲೀಕರು, ಕಾಲು ಎಲ್ಲಿಡಬೇಕೆಂದು ನೋಡಿಕೊಳ್ಳುವವನು ಡ್ರೈವರ್. ಇಬ್ಬರೂ ಕೂಡಿಯೇ ಮಾಡಬೇಕಾದ ಕೆಲಸವಿದು. ಒಂದು ಇಪ್ಪತ್ತು ಹಾಳೆಯ ನೋಟುಬುಕ್ಕಿನಲ್ಲಿ ಎಣ್ಣೆ ಬದಲಿಸಿದ ದಿನ, ಮೀಟರಿನ ತಾಸು, ಎಣ್ಣೆಯ ಹೆಸರು ಬರೆದಿಡಿ. ಡ್ರೈವರ್ ಬದಲಾದರೂ ಆ ಬುಕ್ಕು ಟ್ರ್ಯಾಕ್ಟರಿನ ಜೊತೆಗಿರಲಿ.

ನಮ್ಮ ಭಾಗದಲ್ಲಿ ಅಮಾವಾಸ್ಯೆಗೆ ಗಾಡಿಗೆ ಪೂಜೆ ಮಾಡಿ ಕಾಯಿ ಒಡೆಯುವ ರೂಢಿ ಇದೆ. ಒಳ್ಳೆಯ ರೂಢಿ. ಅದರ ಜೊತೆಗೆ ಇಷ್ಟನ್ನು ಸೇರಿಸಿಕೊಳ್ಳಿ. ಕಾಯಿ ಒಡೆಯುವ ಮುನ್ನ ಕ್ಲಚ್ಚಿನ ಬಿಡುವು ಅಳೆಯಿರಿ, ಬ್ರೀದರಿನ ಮಣ್ಣು ತೆಗೆಯಿರಿ, ತಳದ ತೂತು ಬಿಡಿಸಿರಿ, ಸೀಲುಗಳ ಸುತ್ತ ಕೈಯಾಡಿಸಿರಿ, ಎಣ್ಣೆಯ ಬಣ್ಣ ನೋಡಿರಿ. ಅರ್ಧ ತಾಸಿನ ಕೆಲಸ. ಈ ಹಂಗಾಮಿಗೆ ಸೇರುವ ಪ್ರತಿ ಟ್ರ್ಯಾಕ್ಟರಿನ ಮಾಲೀಕರೂ ಖಂಡೇನವಮಿಯ ಪೂಜೆಗೆ ಮೊದಲು ಈ ತಪಾಸಣೆ ಮುಗಿಸಿಕೊಳ್ಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಫಡದಲ್ಲಿ ಕಡಿದ ಕಬ್ಬು ಅದೇ ದಿನ ಕಾಟಾಕ್ಕೆ ಬರಲಿ, ಕಬ್ಬು ತಂದ ಡ್ರೈವರ್ ರಾತ್ರಿ ಸುಖವಾಗಿ ಮನೆ ಮುಟ್ಟಲಿ.